ಬಾಗಿಲಾಚೆಯ ಫ್ಲ್ಯಾಶು

ಫೋನಿನಲ್ಲಿ ಫೋಟೋ ತೆಗೆಯುವವರಿಗೆಲ್ಲ ಕೋಮಲಾಳ ಮೈದುನ ಶಿವರಂಜನ್ ಇಟ್ಟ ಹೆಸರು ‘ಫೋನ್ ಪಾರ್ಟಿ’. ಚೆನ್ನೈನ ಕ್ರೋಂಪೇಟೆಯ ಮನೆಯ ಮಾಳಿಗೆಯಲ್ಲಿ ಪ್ರತಿ ಭಾನುವಾರ ಫಿಲಂ ಕ್ಯಾಮೆರಾದ ಕ್ಲಾಸು ನಡೆಸುತ್ತಾನೆ. ಫ್ಲ್ಯಾಶಿನಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಆಗ ಬೆಳಕು ಒಳಬಿಡುವ ಅಪರ್ಚರ್ ದೊಡ್ಡದು ಮಾಡಬೇಕು ಎಂದು ಅವನು ಒದರುವುದನ್ನು ಕೆಳಗೆ ರೊಟ್ಟಿ ಬಡಿಯುತ್ತ ಕೇಳಿ ಕೇಳಿ ಕೋಮಲಾಳಿಗೂ ಬಾಯಿಪಾಠವಾಗಿತ್ತು. ಕಲಿಯಲು ಬಂದವರು ತಲೆದೂಗುತ್ತಿದ್ದರು. ಇವರಿಗಾದರೂ ಬೇರೆ ಕೆಲಸ ಬೇಡವೇ ಎಂದು ಅವಳಿಗೆ ಅನಿಸುತ್ತಿತ್ತು.

ಕೋಮಲಾಳ ಮಗಳು ತುಂಗಾಳ ಲಿಂಗದೀಕ್ಷೆಗೆ ದಿನ ಗೊತ್ತಾದಾಗ ಶಿವರಂಜನ್ ಅಪ್ಪಣೆ ಹೊರಡಿಸಿದ: ಯಾರೂ ಫೋನು ಎತ್ತಕೂಡದು, ಫೋಟೋ ತನ್ನದೊಂದೇ. ದೀಕ್ಷೆ ಕೊಡುವ ಅಯ್ಯನವರು ಹುಡುಗಿಯ ಅಂಗೈಯಲ್ಲಿ ಇಷ್ಟಲಿಂಗ ಇಡುವ ಗಳಿಗೆ ಜನ್ಮಕ್ಕೆ ಒಂದೇ ಸಲ ಬರುವುದು. ಆ ಹೊತ್ತಿನ ಮಗಳ ಮುಖ, ಕೋಮಲಾಳಿಗೆ ಬೇಕಿದ್ದದ್ದು ಅದೊಂದೇ ಪಟ. ಫಿಲಂನಲ್ಲಿ ಚೆಂದ ಬರುತ್ತದೇನೋ ಎಂದು ಒಪ್ಪಿ, ಎಲ್ಲರ ಫೋನೂ ಇಸಿದುಕೊಂಡು ಸ್ಟೀಲ್ ಡಬ್ಬಿಗೆ ಹಾಕಿದಳು.

ದೀಕ್ಷೆಯ ದಿನ ಶಿವರಂಜನ್ ದೇವರ ಕೋಣೆಯಲ್ಲಿ ನಾಲ್ಕಡಿ ದೂರಕ್ಕೆ ಲೆಕ್ಕ ಕಟ್ಟಿ, ಅಪರ್ಚರ್ ತಿರುವಿ ಸಿದ್ಧನಾದ. ಅಯ್ಯನವರು ಕ್ಯಾಮೆರಾ ನೋಡಿ, ತೊಗಲು ಒಳಗೆ ಬೇಡಪ್ಪ ಎಂದರು. ಊರಿಗೆಲ್ಲ ತೋರಿಸಲೆಂದೇ ಹೇಳಿ ಮಾಡಿಸಿದ ತೊಗಲಿನ ಕವಚ, ತೊಗಲಿನ ಪಟ್ಟಿ. ಬಿಚ್ಚಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಚ್ಚಿದರೆ ಕೈಗೆ ಹಿಡಿತ ಸಿಗದು ಎಂದು ಠೀವಿಯಿಂದ ಹಾಲ್ ದಾಟಿ ಆಚೆ ಬಾಗಿಲಲ್ಲಿ ಹೋಗಿ ನಿಂತ. ಅಲ್ಲಿ ಉದ್ದನೆಯ ಲೆನ್ಸು ಹಾಕಿದ.

“ಅಷ್ಟು ದೂರದಿಂದ ಲೈಟು ಮುಟ್ಟತದೇನು ಶಿವು?” ಎಂದಳು ಕೋಮಲಾ.

“ವೈನಿ, ಈ ಲೆನ್ಸಿನ್ಯಾಗ ತುಂಗಾ ಇಲ್ಲೇ ಮೂಗಿನ ಮುಂದ ಕುಂತಂಗ ಕಾಣ್ತಾಳ. ಟೆನ್ಷನ್ ಬ್ಯಾಡ,” ಎಂದು ನಕ್ಕು, ನಾಲ್ಕಡಿಯ ಲೆಕ್ಕವನ್ನೇ ಹೊಸ ಲೆನ್ಸಿಗೂ ಇಟ್ಟ. ಲೆನ್ಸು ಹುಡುಗಿಯನ್ನು ಹತ್ತಿರ ತಂದೀತು, ಫ್ಲ್ಯಾಶಿನ ಬೆಳಕು ಮಾತ್ರ ಅಷ್ಟೂ ದೂರ ಹೋಗಲೇಬೇಕು. ಇಷ್ಟು ಹೊಳೆಯದವನು ಮೇಷ್ಟ್ರು.

ಪ್ಯಾರೀಸ್ ಕಾರ್ನರಿನ ಲ್ಯಾಬಿನಿಂದ ಪಟ ಬಂತು. ಕಗ್ಗತ್ತಲು. ಅದರೊಳಗೆ ವಿಭೂತಿಯ ಬಿಳಿ ಗೆರೆಗಳು, ಮೇಲೆ ಅಯ್ಯನವರ ಮೂರು, ಕೆಳಗೆ ಇನ್ನು ಮೂರು. ತುಂಗಾ ಕೆಳಗಿನ ಗೆರೆಗಳ ಮೇಲೆ ಬೆರಳಿಟ್ಟು, “ಇದು ನಾನಾ ಅಮ್ಮಾ?” ಎಂದು ಕೇಳಿದಳು.

ಶಿವರಂಜನ್ ಮೊದಲು ಲ್ಯಾಬಿನವರನ್ನು ಬೈದ, ಆಮೇಲೆ ಗೋಡೆಯ ಬಣ್ಣವನ್ನು. ಕೊನೆಗೆ ಪಟವನ್ನು ಓರೆಯಾಗಿ ಹಿಡಿದು, ಇದರಲ್ಲೂ ಒಂದು ಮೂಡ್ ಇದೆ, ಕ್ಲಾಸಿನಲ್ಲಿ ತೋರಿಸಬಹುದು ಎಂದ. ಬೇಕಿದ್ದರೆ ಅಯ್ಯನವರನ್ನು ಕರೆಸಿ ಇನ್ನೊಮ್ಮೆ ಹಾಗೇ ಕೂರಿಸೋಣ ಎಂದೂ ಸೇರಿಸಿದ. ಕೋಮಲಾಳಿಗೆ ಹೇಸಿಗೆಯಾಯಿತು.

“ದೀಕ್ಷಾ ಆಗಿ ಹೋತು. ಕ್ಲಾಸಿನ್ಯಾಗ ತೋರ್ಸು, ಬ್ಯಾಡ ಅನ್ನಂಗಿಲ್ಲ. ನೀ ಎಲ್ಲಿ ನಿಂತಿದ್ದಿ ಅನ್ನೂದೂ ಹೇಳು.”

ಭಾನುವಾರ ಅವನು ತೋರಿಸಲಿಲ್ಲ. ಫ್ಲ್ಯಾಶಿನ ದೂರದ ಪಾಠ ಶುರುವಾದದ್ದು ಕಿವಿಗೆ ಬಿದ್ದೊಡನೆ ಕೋಮಲಾ ಒಲೆ ಆರಿಸಿ, ಮಾಳಿಗೆ ಹತ್ತಿ, ಪಟವನ್ನು ಎಲ್ಲರ ನಡುವೆ ಇಟ್ಟಳು. ಒಬ್ಬ ಅದನ್ನೆತ್ತಿ ನೋಡಿ, ಗುರುಗಳು ಕಲಿಸಿಕೊಟ್ಟ ಹಾಗೆಯೇ ಮೂಗು ಮುರಿದ.

“ಯಾರು ಸಾರ್ ಇದು ತೆಗೆದದ್ದು, ಫೋನ್ ಪಾರ್ಟಿನಾ?”

ಶಿವರಂಜನ್ ಕೊರಳಿನ ತೊಗಲಿನ ಪಟ್ಟಿ ತಿರುವುತ್ತ ಕುಳಿತ. ಅವನ ಉತ್ತರ ಕೇಳಿಯೇ ಇಳಿಯುವುದೆಂದು ಕೋಮಲಾ ಅಲ್ಲೇ ನಿಂತಳು.