ಮೂರನೆಯ ಹಲ್ಲು

ನಾನೂ ನನ್ನ ತಮ್ಮ ಅಪೊರೊಸನೂ ಒಂದೇ ಮನೆಯಲ್ಲಿದ್ದೇವೆ, ಒಂದೇ ಚಾಪೆಯ ಎರಡು ತುದಿಗೆ ಕುಳಿತು ಉಣ್ಣುತ್ತೇವೆ, ಆದರೆ ಮಾತಾಡುವುದಿಲ್ಲ. ಜಗಳವೇನೂ ಇಲ್ಲ. ನಾನು ಮೈನೆರೆದ ವರ್ಷದಿಂದ ಹೀಗೆಯೇ. ಒಡಹುಟ್ಟಿದ ಗಂಡುಹೆಣ್ಣು ದೊಡ್ಡವರಾದ ಮೇಲೆ ಪರಸ್ಪರ ನೇರವಾಗಿ ಮಾತಾಡಬಾರದು, ಅದೇ ಮರ್ಯಾದೆ ಎಂದು ನಮ್ಮನ್ನು ಬೆಳೆಸಿದ್ದಾರೆ. ಹೇಳಬೇಕಾದದ್ದನ್ನು ನಡುವೆ ಇರುವವರಿಗೆ ಹೇಳಬೇಕು. ನಮ್ಮ ನಡುವೆ ಇರುವವಳು ಅವನ ಹೆಂಡತಿ ಲೊಸಾನ.

"ಲೊಸಾನ, ಮೀನಿಗೆ ಉಪ್ಪು ಜಾಸ್ತಿ ಆಯ್ತು ಅಂತ ನಿನ್ನ ಅತ್ತಿಗೆಗೆ ಹೇಳು," ಎಂದು ಅವನು ತಟ್ಟೆ ನೋಡುತ್ತಾ ಹೇಳುತ್ತಾನೆ.

"ಜಾಸ್ತಿ ಆಗಿದ್ರೆ ತೆಂಗಿನಹಾಲು ಹಾಕ್ಕೊಳ್ಳೋಕೆ ಹೇಳಮ್ಮ ನಿನ್ನ ಗಂಡನಿಗೆ," ಎನ್ನುತ್ತೇನೆ ನಾನು.

"ನಾನೇನು ಪೋಸ್ಟ್ ಆಫೀಸಾ?" ಎಂದು ಲೊಸಾನ ಇಬ್ಬರ ತಟ್ಟೆಗೂ ಮರಗೆಣಸು ಬಡಿಸುತ್ತಾಳೆ.

ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಅಪೊರೊಸನ ಮಗಳು ಉನೈಸಿಯನ್ನೇ ನನ್ನವಳೆಂದುಕೊಂಡೆ. ಚಾಪೆ ಹೆಣೆಯುವುದನ್ನು ಕಲಿಸಿದೆ, ಏಡಿ ಹಿಡಿಯುವುದನ್ನು ಕಲಿಸಿದೆ. ಕೊಲ್ಲಿಯ ಆಚೆ ದಡದ ನೆಮಾನಿಗೆ ಅವಳನ್ನು ಕೊಟ್ಟಾಗ ಮದುವೆಯ ಮರತೊಗಟೆಯ ಬಟ್ಟೆಗೆ ಬಣ್ಣ ಹಾಕಿದವಳೂ ನಾನೇ. ನೆಮಾನಿ ನೋಡಲು ಕೆಟ್ಟವನಲ್ಲ. ಚರ್ಚಿನಲ್ಲಿ ಅವನು ಹಾಡಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ. ಹೊಡೆಯುವವರ ಮುಖದಲ್ಲಿ ಗುರುತು ಬರೆದಿರುವುದಿಲ್ಲ ಎಂಬುದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು.

ಮದುವೆಯಾದ ಏಳನೇ ತಿಂಗಳು ಉನೈಸಿ ಊದಿದ ತುಟಿಯೊಡನೆ ಬಂದಳು. ವಾರದೊಳಗೆ ನೆಮಾನಿಯ ದೊಡ್ಡಪ್ಪ ಎಪೆಲಿ ತಿಮಿಂಗಿಲದ ಹಲ್ಲು ಹಿಡಿದು ಬಂದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ವಸ್ತು ಇಲ್ಲ. ತೆಂಗಿನ ನಾರಿನ ಹಗ್ಗ ಕಟ್ಟಿದ ಆ ಹಳದಿ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟು ಕ್ಷಮೆ ಬೇಡಿದರೆ, ಪಡೆದವನು ಇಲ್ಲವೆನ್ನುವಂತಿಲ್ಲ. ಆ ಕ್ಷಣಕ್ಕೆ ತಪ್ಪು ಮಣ್ಣಾಯಿತು. ಆಮೇಲೆ ಅದರ ಮಾತೆತ್ತಿದವರೇ ತಪ್ಪಿತಸ್ಥರು. ಅಪೊರೊಸ ಹಲ್ಲು ತೆಗೆದುಕೊಂಡ, ಉನೈಸಿ ವಾಪಸು ಹೋದಳು.

ಎರಡನೇ ಸಲ ಬಂದಾಗ ಅವಳ ಮಣಿಕಟ್ಟು ಮುರಿದಿತ್ತು. ಆಗಲೂ ಹಲ್ಲು ಬಂತು. "ಹೋಗಲ್ಲ ಅತ್ತೆ," ಎಂದು ಅವಳು ನನ್ನ ಮಡಿಲಲ್ಲಿ ಮುಖವಿಟ್ಟಳು. ನಾನೇ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿ, "ಎಲ್ಲರ ಮನೇಲೂ ಇರೋದೇ ಮಗಳೆ, ಮಕ್ಕಳಾದ್ಮೇಲೆ ಸರಿಹೋಗ್ತಾನೆ," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ! ನನ್ನ ಅಮ್ಮ ನನಗೆ ಹೇಳಿದ್ದ ಮಾತೇ ಅದು, ಒಂದಕ್ಷರ ಬದಲಾಗದೆ.

ಮೂರನೇ ಸಲ ಅವಳು ಬಂದದ್ದು ಒಂದು ಗುರುವಾರ, ಆಚೆ ದಡದಲ್ಲೇ ಇರುವ ನನ್ನ ಸೋದರಮಾವನ ಮಗ ತೊಮಾಸಿಯ ದೋಣಿಯಲ್ಲಿ. ತೊಮಾಸಿ ನನ್ನನ್ನು ಕಂಡಾಗಲೆಲ್ಲ, "ಏನೇ ಮಾಕೆರೆಟ, ಇನ್ನೂ ಹೋಗಿಲ್ವಾ ನೀನು? ನಿನ್ನ ಮಣ್ಣಿನ ದಿನ ಕಡಿಯೋಕೆ ಅಂತ ಹಂದಿ ಸಾಕಿ ಸಾಕಿ ಅದಕ್ಕೇ ವಯಸ್ಸಾಯ್ತು," ಎಂದು ಕಾಡುವವನು. ಅಂದು ಒಂದೂ ತಮಾಷೆ ಮಾಡಲಿಲ್ಲ. ಉನೈಸಿಯನ್ನು ಎತ್ತಿ ದಡಕ್ಕಿಳಿಸಿದ.

"ಎರಡು ಪಕ್ಕೆಲುಬು," ಎಂದ. "ಪೇಟೆ ಆಸ್ಪತ್ರೇಲಿ ಪಟ್ಟಿ ಕಟ್ಟಿದ್ದಾರೆ. ಪೊಲೀಸಿನವನು ಬರ್ಕೊಂಡಿದ್ದಾನೆ, ಸೋಮವಾರ ಕೋರ್ಟಿಗೆ ಬಾ ಅಂತ ಕಾಗದ ಕೊಟ್ಟಿದ್ದಾನೆ. ಆದ್ರೆ ಅಷ್ಟರೊಳಗೆ ನಿಮ್ಮೋರು ಹಲ್ಲು ತಗೊಂಡ್ರೆ ಈ ಕಾಗದ ಮೀನು ಸುತ್ತೋಕೆ ಆಗುತ್ತೆ ಅಂತಾನೂ ಅವನೇ ಹೇಳ್ದ. ಎಪೆಲಿ ಶನಿವಾರ ಬರ್ತಿದ್ದಾನೆ. ಈ ಸಲ ದೊಡ್ಡ ಹಲ್ಲಂತೆ, ಅವರಜ್ಜನ ಕಾಲದ್ದು."

ಡಾಕ್ಟರು ಉನೈಸಿಗೆ ಹೇಳಿದ್ದರಂತೆ: ಇನ್ನೊಂದು ಬೆರಳಿನಷ್ಟು ಒಳಗೆ ಹೋಗಿದ್ದರೆ ಮೂಳೆ ಶ್ವಾಸಕೋಶಕ್ಕೆ ಚುಚ್ಚುತ್ತಿತ್ತು. ಇದನ್ನು ಹೇಳುವಾಗ ಅವಳು ಅಳಲಿಲ್ಲ. "ನಾಲ್ಕನೇ ಸಲ ನಾನು ಬರಲ್ಲ ಅತ್ತೆ. ನನ್ನನ್ನ ತರ್ತಾರೆ," ಎಂದಳು, ಅಷ್ಟೆ.

ಶುಕ್ರವಾರ ಬೆಳಗ್ಗೆ ಊಟದ ಚಾಪೆಯ ಮೇಲೆ ಮಾತು ಎದ್ದಿತು. ನನ್ನ ತಮ್ಮ ಕ್ರೂರಿಯಲ್ಲ. ಬ್ರಿಟಿಷರ ಬಾವುಟ ಇಳಿದ ದಿನ ಅವನಿಗೆ ಇಪ್ಪತ್ತು ವರ್ಷ. ಅಂದು ಪೇಟೆಯಿಂದ ಹಾಡುತ್ತಾ ನಡೆದೇ ಬಂದಿದ್ದ. ಮೂರು ವರ್ಷದ ಹಿಂದೆ ಸೈನ್ಯ ಸರ್ಕಾರವನ್ನು ಹಿಡಿದ ಮೇಲಂತೂ ದ್ವೀಪದ ಊರೂರಿನಲ್ಲಿ ಒಂದೇ ಮಾತು: ನಮ್ಮ ನೆಲ, ನಮ್ಮ ಪದ್ಧತಿ. ಪ್ರಾಂತ್ಯದ ಸಭೆಗೆ ಅಪೊರೊಸನನ್ನೂ ಕರೆಯುತ್ತಿದ್ದರು. ಎಪೆಲಿ ಅಲ್ಲಿ ಅವನ ಪಕ್ಕದಲ್ಲೇ ಕೂರುವವನು.

"ನಿನ್ನ ಅತ್ತಿಗೆಗೆ ಹೇಳು ಲೊಸಾನ," ಎಂದ. "ಬಿಳಿಯರು ನಮ್ಮ ದೇವರುಗಳನ್ನ ಸುಟ್ಟರು, ಗಂಧದ ಮರ ಕಡ್ಕೊಂಡು ಹೋದ್ರು, ನಮ್ಮ ಹೆಸರನ್ನೇ ಬದಲಾಯಿಸಿದ್ರು. ಈ ಹಲ್ಲೊಂದನ್ನ ಮುಟ್ಟೋಕಾಗ್ಲಿಲ್ಲ. ಅವರು ಹೋಗಿ ಇಪ್ಪತ್ತು ವರ್ಷ ಆದ್ಮೇಲೆ ನಾವೇ ಅದನ್ನ ಸಮುದ್ರಕ್ಕೆ ಎಸೆದು ಅವರ ಕೋರ್ಟಿನ ಬಾಗಿಲು ಕಾಯ್ಬೇಕಾ?"

"ಹಲ್ಲು ಎಸೀರಿ ಅಂತ ನಾನಂದಿಲ್ಲ ಅಂತ ನಿನ್ನ ಗಂಡನಿಗೆ ಹೇಳು," ಎಂದೆ. "ಎರಡು ಊರು ಗದೆ ಹಿಡಿದು ಎದುರುಬದುರು ನಿಂತಾಗ ಆ ಹಲ್ಲು ನಡುವೆ ಬಂದು ನೂರು ಜೀವ ಉಳಿಸಿದ್ದನ್ನ ಅಜ್ಜ ಹೇಳಿದ್ದು ನನಗೂ ನೆನಪಿದೆ. ಜೀವ ಉಳಿಸೋಕೆ ಇದ್ದದ್ದರಿಂದ ಒಂದು ಹುಡುಗೀನ ಸಾಯೋಕೆ ಕಳಿಸೋದು ಯಾವ ಪದ್ಧತಿ?"

"ಸಾಯೋದು ಗೀಯೋದು ದೊಡ್ಡ ಮಾತು ಅಂತ ಹೇಳು. ಗಂಡಹೆಂಡ್ತಿ ಜಗಳ. ಎಪೆಲಿ ಬುದ್ಧಿ ಹೇಳ್ತಾನೆ."

"ಎರಡು ಸಲ ಹೇಳಿದ್ದು ಸಾಲ್ಲಿಲ್ವಾ ಅಂತ ಕೇಳು."

ನಡುವೆ ಕುಳಿತಿದ್ದ ಲೊಸಾನ ಸೌಟನ್ನು ಪಾತ್ರೆಗೆ ಬಿಟ್ಟಳು. "ನಿಮ್ಮಿಬ್ಬರದೂ ನಾನು ಹೇಳ್ತೀನಿ. ನನ್ನದನ್ನ ಯಾರು ಹೇಳ್ತಾರೆ? ಉನೈಸಿ ಹೊಟ್ಟೇಲಿದ್ದಾಗ ನನ್ನನ್ನೂ ಹಲ್ಲು ಕೊಟ್ಟೇ ಈ ಮನೆಗೆ ವಾಪಸು ಕರ್ಕೊಂಡು ಬಂದದ್ದು. ಇವರೇ. ಒಂದೇ ಸಲ ಹೊಡೆದದ್ದು, ಆಮೇಲೆ ಕೈ ಎತ್ಲಿಲ್ಲ, ಇಲ್ಲ ಅನ್ನಲ್ಲ. ಆದ್ರೆ ಅವತ್ತು ಹಲ್ಲು ತಗೊಂಡಾಗ ನನ್ನಪ್ಪ ನನ್ನ ಕಡೆ ತಿರುಗಿ ಸಹ ನೋಡ್ಲಿಲ್ಲ. ಅದನ್ನ ನಾನಿನ್ನೂ ಮರೆತಿಲ್ಲ."

ಅಪೊರೊಸ ತಟ್ಟೆ ತಳ್ಳಿ ಎದ್ದುಹೋದ. ನಾನೂ ಲೊಸಾನಳೂ ಒಂಬತ್ತು ವರ್ಷದಲ್ಲಿ ಆಡದಿದ್ದ ಮಾತುಗಳು ಅಂದು ಕೆಸುವಿನ ಸೊಪ್ಪು ಸೋಸುತ್ತಾ ಮುಗಿಯಲೇ ಇಲ್ಲ. ಆದರೂ ಕೊನೆಗೆ ಅವಳು, "ಏನು ಮಾಡೋಕಾಗುತ್ತೆ ಅತ್ತಿಗೆ, ಹಲ್ಲು ತಗೊಳ್ಳೋ ಕೈ ಅವರದು," ಎಂದಳು.

ಶನಿವಾರ ಮಧ್ಯಾಹ್ನ ಎಪೆಲಿ ಐದು ಜನರೊಡನೆ ಬಂದ. ಮೊದಲು ಅಂಗಳದ ಬಿಸಿಲಲ್ಲೇ ತಲೆತಗ್ಗಿಸಿ ಕುಳಿತರು. ಒಳಗೆ ಕರೆದ ಮೇಲೆ ಮಂಡಿಯ ಮೇಲೆ ಸರಿಯುತ್ತಾ ಬಂದು ಚಾಪೆಯ ಕೆಳತುದಿಯಲ್ಲಿ ಕುಳಿತರು. ಹಿಂದಿನ ಸಾಲಿನಲ್ಲಿ ನೆಮಾನಿ. ಅವನ ಕಣ್ಣು ಕೆಂಪಾಗಿತ್ತು. ಅವನ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಹಿಂದಿನ ಎರಡು ಸಲವೂ ಅವನು ನಿಜವಾಗಿಯೇ ಅತ್ತಿದ್ದ. ಹೆಂಗಸರು ನಾವು ಹಿಂಬಾಗಿಲ ಬಳಿ. ಉನೈಸಿ ಹಿತ್ತಲಿನ ಅಡುಗೆಮನೆಯಲ್ಲಿ, ಮಾತು ಕೇಳಿಸುವಷ್ಟು ದೂರದಲ್ಲಿ.

ಎಪೆಲಿ ಹಲ್ಲನ್ನು ಎತ್ತಿದ. ಎಷ್ಟು ದೊಡ್ಡದು! ಎಣ್ಣೆ ಕುಡಿದು ಕೆಂಪಗೆ ಹೊಳೆಯುತ್ತಿತ್ತು. ಅವನ ದನಿಯೂ ಚೆಂದ. ಎರಡು ಮನೆತನಗಳ ಹೆಸರು ಹೇಳಿದ, ಈ ನೆಲವನ್ನು ಮೊದಲು ತುಳಿದ ಹಿರಿಯರ ಹೆಸರು ಹೇಳಿದ, ನಮ್ಮ ತಂದೆಯ ಹೆಸರು ಹೇಳಿದ. "ನಮ್ಮ ಹುಡುಗನ ಕೈ ತಪ್ಪು ಮಾಡಿತು. ಈ ಹಲ್ಲಿನ ಕೆಳಗೆ ಅದನ್ನು ಹೂಳಿಬಿಡಿ. ನಮ್ಮ ದಾರಿ ಮತ್ತೆ ಹಸನಾಗಲಿ." ಅಷ್ಟು ಹೆಸರುಗಳಲ್ಲಿ ಉನೈಸಿಯ ಹೆಸರು ಒಂದು ಸಲವೂ ಬರಲಿಲ್ಲ.

ಅಪೊರೊಸ ಎರಡೂ ಕೈ ಚಾಚಿದ. ಹಲ್ಲಿಗೂ ಕೈಗೂ ನಡುವೆ ಒಂದು ಗೇಣು.

"ಅಪೊರೊಸ," ಎಂದೆ.

ಇಪ್ಪತ್ತೆಂಟು ವರ್ಷದಲ್ಲಿ ಅವನಿಗೆ ನಾನಾಡಿದ ಮೊದಲ ಮಾತು ಅದು.

"ಇವತ್ತು ನಡುವೆ ಯಾರೂ ಬೇಡ, ನಾನೇ ಹೇಳ್ತೀನಿ. ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪ ನನ್ನ ಗಂಡನ ಕಡೆಯಿಂದ ಹಲ್ಲು ತಗೊಂಡ್ರು. ನನ್ನ ಗಂಟು ಹೊತ್ತು ದೋಣಿವರೆಗೆ ಬಂದವನು ನೀನೇ. ನೀನು ಕೇಳೋ ಹಾಗಿರ್ಲಿಲ್ಲ, ನಾನು ಹೇಳೋ ಹಾಗಿರ್ಲಿಲ್ಲ. ಆಗ ನಾನು ಐದು ತಿಂಗಳ ಬಸುರಿ. ಹೋದ ಹದಿನಾರನೇ ದಿನ ಅವನು ಒದ್ದ. ಗಂಡು ಮಗು. ನಿನಗೊಬ್ಬ ಸೋದರಳಿಯ ಇರ್ತಿದ್ದ ಅಪೊರೊಸ. ನಿನ್ನ ಹಂದಿ, ನಿನ್ನ ದೋಣಿ, ಏನು ಬೇಕೋ ಕೇಳದೆ ಎತ್ಕೊಂಡು ಹೋಗೋ ಹಕ್ಕಿದ್ದ ಅಳಿಯ. ನನಗೆ ಜ್ವರ ಅಂತ ನಿಮಗೆ ಹೇಳಿಕಳಿಸಿದ್ರು. ಹಲ್ಲು ಬಂದು ಹೋಗಿತ್ತಲ್ಲ, ಮತ್ತೆ ಬಾಯಿ ತೆಗೆಯೋ ಹಾಗಿರ್ಲಿಲ್ಲ. ಇವತ್ತು ನೀನು ಕೈ ಚಾಚಿದ್ದೀಯ. ಪೆಟ್ಟು ತಿಂದದ್ದು ನಿನ್ನ ಕೈಯಾ?"

ಎಪೆಲಿ ಹಲ್ಲನ್ನು ಎತ್ತಿ ಹಿಡಿದೇ ನನ್ನ ಕಡೆ ತಿರುಗಿದ. "ತಾಯಿ, ಹಲ್ಲಿನ ಎದುರು ಹೆಂಗಸು ಬಾಯಿ ಬಿಟ್ಟದ್ದನ್ನ ನನ್ನ ಆಯಸ್ಸಿನಲ್ಲಿ ನೋಡಿಲ್ಲ."

"ನಾನೂ ನೋಡಿಲ್ಲ ಎಪೆಲಿ ಅಣ್ಣ. ನೋಡಿದ್ದಿದ್ರೆ ನನ್ನ ಮಗ ಬದುಕಿರ್ತಿದ್ದ."

ಅಪೊರೊಸ ನನ್ನತ್ತ ನೋಡಲಿಲ್ಲ. ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದು ತನ್ನ ಮಂಡಿಯ ಮೇಲೆ ಇಟ್ಟುಕೊಂಡ. ಹಿತ್ತಲ ಕಡೆ ಮುಖಮಾಡಿ ಕೂಗಿದ: "ಉನೈಸಿ, ಬಾ ಇಲ್ಲಿ."

ಅವಳು ಗೋಡೆ ಹಿಡಿದು ಬಂದಳು. ಹಿರಿಯರು ಕುಳಿತಿರುವಾಗ ನಿಲ್ಲುವುದು ನಮ್ಮಲ್ಲಿ ದೊಡ್ಡ ಅಪಚಾರ. "ಕೂರೋಕಾಗ್ತಿಲ್ಲ, ತಪ್ಪು ತಿಳ್ಕೋಬೇಡಿ," ಎಂದಳು, ಪಕ್ಕೆಯ ಮೇಲೆ ಅಂಗೈ ಒತ್ತಿಕೊಂಡು. ಕುಳಿತಿದ್ದ ಗಂಡಸರೆಲ್ಲ ಅವಳನ್ನು ತಲೆಯೆತ್ತಿ ನೋಡಬೇಕಾಯಿತು.

"ಇವರು ಕ್ಷಮೆ ಕೇಳೋಕೆ ಬಂದಿದ್ದಾರೆ ಮಗಳೆ," ಎಂದ ಅಪೊರೊಸ. "ನನ್ನನ್ನಲ್ಲ, ನಿನ್ನನ್ನ ಕೇಳ್ಬೇಕು. ಹಲ್ಲು ನಿನ್ನ ಮುಂದಿದೆ. ಹೇಳು."

ಉನೈಸಿ ಹಲ್ಲನ್ನು ನೋಡಿದಳು, ಆಮೇಲೆ ನೆಮಾನಿಯನ್ನು. "ಕ್ಷಮಿಸೋದು ಇವತ್ತಾಗಲ್ಲ, ಮುಂದೆ ಆದ್ರೂ ಆಗಬಹುದು. ಆದ್ರೆ ಆ ಮನೆಗೆ ನಾನು ಬರಲ್ಲ. ಸೋಮವಾರ ಪೇಟೆಗೆ ಹೋಗ್ತೀನಿ, ನಡೆದದ್ದನ್ನ ನಡೆದ ಹಾಗೆ ಹೇಳ್ತೀನಿ. ನಮಸ್ಕಾರ ದೊಡ್ಡಪ್ಪ."

"ಎಲ್ಲರ ಮುಂದೆ ಮಾನ ಕಳೀತಿದ್ದೀಯಲ್ಲೇ," ಎಂದ ನೆಮಾನಿ.

"ಯಾರೂ ಇಲ್ಲದಾಗ ನೀನು ನನ್ನದನ್ನ ಕಳೆದೆ," ಎಂದಳು.

ಎಪೆಲಿ ನಾರಿನ ಹಗ್ಗವನ್ನು ನಿಧಾನವಾಗಿ ಕೈಗೆ ಸುತ್ತಿಕೊಂಡ. ತಂದ ಹಲ್ಲು ವಾಪಸು ಹೋಗುವುದು ಎಂಥ ಅವಮಾನವೆಂದು ನಮಗೆಲ್ಲ ಗೊತ್ತು. ಬಾಗಿಲಲ್ಲಿ ನಿಂತು ಅವನು, "ಇವತ್ತಿಂದ ನಿನಗೂ ನಮಗೂ ಕೊಲ್ಲಿ ಅಗಲ ಆಯ್ತು ಅಪೊರೊಸ," ಎಂದ. ಅದರಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು.

ಭಾನುವಾರ ಚರ್ಚಿನಲ್ಲಿ ನಮ್ಮ ಬೆಂಚಿನಲ್ಲಿ ನಾವು ನಾಲ್ವರೇ. ಪ್ರಾರ್ಥನೆಯ ಬಳಿಕ ಊರ ಗಂಡಸರು ಒಂದೇ ತೆಂಗಿನ ಚಿಪ್ಪಿನಲ್ಲಿ ಸರದಿಯಂತೆ ಕುಡಿಯುವ ಯಂಗೋನ ಬೇರಿನ ಪಾನೀಯ ಸುತ್ತು ಬಂದಾಗ ಚಿಪ್ಪು ಅಪೊರೊಸನನ್ನು ದಾಟಿ ಮುಂದಿನವನಿಗೆ ಹೋಯಿತು. ನನ್ನಿಂದಲೇ ಅವನಿಗೆ ಈ ಗತಿ ಬಂತು. ಆದರೆ ಇದನ್ನು ಓದುವ ಅಕ್ಕತಂಗಿಯರೇ, ಒಂದು ಮಾತು ಕೇಳಿ. ನಮ್ಮದು ಎಂಬ ಒಂದೇ ಕಾರಣಕ್ಕೆ ಒಂದು ಪದ್ಧತಿಯನ್ನು ಕಾಪಾಡುವವರು, ನಮ್ಮವಳು ಎಂಬ ಕಾರಣಕ್ಕೆ ಒಬ್ಬ ಹುಡುಗಿಯನ್ನು ಯಾಕೆ ಕಾಪಾಡಬಾರದು?

ಸೋಮವಾರ ಬೆಳಗ್ಗೆ ತೊಮಾಸಿಯ ದೋಣಿ ಬರಲಿಲ್ಲ. ಆಚೆ ದಡದವರು ಅವನನ್ನು ತಡೆದಿದ್ದರು. ಅಪೊರೊಸ ತನ್ನ ಮೀನಿನ ದೋಣಿಯನ್ನೇ ನೀರಿಗೆ ತಳ್ಳಿದ. ಲೊಸಾನ ಬೇಯಿಸಿದ ಬ್ರೆಡ್‌ಫ್ರೂಟನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. ಉನೈಸಿಯನ್ನು ನಡುವಿನ ಹಲಗೆಯ ಮೇಲೆ ದಿಂಬು ಹಾಕಿ ಕೂರಿಸಿದೆವು. ನಾನು ಮುಂತುದಿಯಲ್ಲಿ, ಅವನು ಎಂಜಿನ್ನಿನ ಬಳಿ.

ಹಗ್ಗ ಎಳೆಯಲು ಬಗ್ಗಿದವನು ಹಾಗೇ ನಿಂತ. ನೀರು ನೋಡುತ್ತಾ ಕೇಳಿದ:

"ಅಕ್ಕಾ, ಆ ಮಗೂನ ಎಲ್ಲಿಟ್ಟಿದ್ದಾರೆ?"

"ಅವರ ಊರಿನ ಚರ್ಚಿನ ಹಿಂದೆ," ಎಂದೆ. "ಕೇದಗೆ ಪೊದೆ ಪಕ್ಕ. ಕಲ್ಲು ಇಟ್ಟಿಲ್ಲ."

"ಕಲ್ಲು ನಾನು ತರ್ತೀನಿ. ನನಗೆ ಜಾಗ ತೋರಿಸು."

ತಲೆಯಾಡಿಸಿದೆ. ಅವನು ನೋಡಿದನೋ ಇಲ್ಲವೋ. ಉನೈಸಿ ಪೊಲೀಸಿನವನ ಕಾಗದವನ್ನು ಮಡಿಚಿ ಎದೆಯ ಬಳಿ ಹಿಡಿದುಕೊಂಡಿದ್ದಳು.

"ಅಪ್ಪಾ, ನೀರು ಇಳೀತಾ ಇದೆ," ಎಂದಳು. "ಹೊರಡು. ಒಂಬತ್ತಕ್ಕೆ ನನ್ನ ಹೆಸರು ಕೂಗ್ತಾರೆ."