ಭಂಡಾರ ಹಚ್ಚಿದ ಹಲಗಿ

ಬಾಯಿಪಾಠ ಅಂದ್ರ ಭಾಗೀರಥಿ ಟೀಚರಿಗೆ ಮೈಯೆಲ್ಲಾ ಉರೀತಿತ್ತು. ಉರೀದೇನ ಮಾಡೀತು? ಹೂಲಿಯಿಂದ ಆಚೆಕಿನ ಆ ಸಣ್ಣ ಊರಿನ ಸಾಲಿಯೊಳಗ ಹುಡುಗೂರು "ಚಲನೆಯಿಂದ ವಸ್ತುವಿಗೆ ಬರುವ ಶಕ್ತಿಯೇ ಚಲನಶಕ್ತಿ" ಅಂತ ಭಜನಿ ಹೇಳಿದಂಗ ಹೇಳತಿದ್ವು. ಹಂಗಂದ್ರೇನು ಅಂತ ಕೇಳಿದ್ರ ಮತ್ತ ಅದನ್ನ ಹೇಳತಿದ್ವು. ಹೆಡ್ ಮಾಸ್ತರ ಬಸಲಿಂಗಪ್ಪ ಅವರಿಗೆ ಅಷ್ಟಾದ್ರ ಸಾಕಾಗಿತ್ತು. "ಪರೀಕ್ಷಾದಾಗ ಬರದ್ರ ಮುಗೀತಲ್ರಿ ಟೀಚರ್. ನಿಮಗ್ಯಾಕ ಇಲ್ಲದ ಉಸಾಬರಿ?" ಅನ್ನೋರು.

ಜಗಳಾಡಿ ಜಗಳಾಡಿ ಐದನೇ ಕ್ಲಾಸಿನ ವಿಜ್ಞಾನದ ಪೀರಿಯಡ್ ಆಕಿ ತನ್ನ ಕೈಗೆ ತಗೊಂಡಳು. ಅದಕ್ಕೂ ಮಾಸ್ತರ ಒಂದು ಕೊಕ್ಕಿ ಹಾಕಿದ್ರು. ತನಿಖೆಗೆ ಬರೋ ಸಾಹೇಬರ ಮುಂದ ಪಾಠ ಮಾಡಿ ತೋರಿಸಬೇಕು. ಅವರು ಹೂಂ ಅಂದ್ರ ಪೀರಿಯಡ್ ಆಕೀದು. ಇಲ್ಲಾಂದ್ರ ಹುಡುಗೂರು ಮತ್ತ ಮಾಸ್ತರ ಬಾಯಿಪಾಠಕ್ಕ.

ಟೀಚರ್ ಎರಡು ಕಟಗಿ ಹಲಗಿ ತಂದಳು. ಎರಡನ್ನೂ ಒಂದ ಕಡೆ ಇಟ್ಟಂಗಿ ಕೊಟ್ಟು ಎತ್ತರ ಮಾಡಿದಳು. ಒಂದನ್ನ ನುಣುಪಾಗಿ ಹಂಗ ಬಿಟ್ಟಳು, ಇನ್ನೊಂದಕ್ಕ ಗೋಣಿತಟ್ಟು ಬಿಗಿದು ಮೊಳಿ ಹೊಡದಳು. ಆಟಿಕಿ ಗಾಡಿ ಒಂದು. "ಎತ್ತರದಾಗ ನಿಂತ ಗಾಡಿ ಶಕ್ತಿನ ಒಳಗ ಇಟಗೊಂಡು ಕುಂತಿರತೈತಿ. ಕೈ ಬಿಟ್ರ ಅದ ಓಟ ಆಗತೈತಿ. ಒರಟು ಗೋಣಿ ಆ ಓಟ ತಿಂತೈತಿ. ಪುಸ್ತಕ ಬ್ಯಾಡ, ಕಣ್ಣಿಲೆ ನೋಡಿದ್ದಷ್ಟ ಹೇಳ್ರಿ," ಅಂತ ದಿನಾ ಹೇಳಿದಳು. ಹೇಳಿದ್ದು ತಲಿಗೆ ಹೋದದ್ದು ಫರೀನ್ ಅನ್ನೋ ಒಬ್ಬ ಹುಡುಗಿಗಷ್ಟ. ಆಕಿ ಹಲಗಿ ಮುಂದ ಕುಂತಳಂದ್ರ ಊಟದ ಗಂಟಿ ಬಾರಿಸಿದ್ರೂ ಏಳತಿರಲಿಲ್ಲ.

ಸಾಹೇಬ್ರು ಬರೋ ದಿನಾನ ನೋಡ್ರಿ, ಸವದತ್ತಿ ಬಸ್ಸು ತಡಾ ಆತು. ಟೀಚರ್ ಓಡಕೋತ ಬರೂದ್ರಾಗ ಸಾಹೇಬ್ರು ಕುರ್ಚಿ ಮ್ಯಾಲ ಕುಂತಾಗಿತ್ತು. ನುಣುಪಿನ ಹಲಗಿ ತುದಿಯಿಂದ ಬುಡದ ತನಕಾ ಹಳದಿ ಆಗಿತ್ತು. ಬಿಸಿಯೂಟ ಮಾಡೋ ಕೆಂಚವ್ವ ಬಾಗಿಲದಾಗ ನಗಕೋತ ನಿಂತಿದ್ದಳು.

"ಎಲ್ಲಮ್ಮನ ಗುಡ್ಡಕ್ಕ ಹೋಗಿ ಬಂದಿದ್ನೆರಿ. ಇವತ್ತ ನಿಮ್ಮ ಕೆಲಸ ಛಲೋ ಆಗ್ಲಿ ಅಂತ ಎಣ್ಣಿ ಸವರಿ, ಅವ್ವನ ಭಂಡಾರ ಹಚ್ಚೇನ್ರಿ."

"ಗೋಣಿ ಹಲಗಿಗೆ ಹಚ್ಚಿಲ್ಲಲ್ಲ ಕೆಂಚವ್ವ?"

"ಗೋಣಿತಟ್ಟಿಗೆ ಯಾರರ ಭಂಡಾರ ಹಚ್ಚತಾರೇನ್ರಿ ಟೀಚರ್?"

ಅಂಥಾ ಪ್ರೀತಿಗೆ ಬೈಯೂದರ ಹೆಂಗ? ಎಣ್ಣಿ, ಅರಿಷಿಣಪುಡಿ ಕೂಡಿ ಹಲಗಿ ಮ್ಯಾಲ ಅಂಟಂಟು ರಾಡಿ ಆಗಿತ್ತು. ಟೀಚರ್ ವರಸೋ ಅರಬಿ ತಗೊಂಡು ಬಗ್ಗಿದಳು. ಅಷ್ಟರಾಗ ಸಾಹೇಬ್ರ ಎದ್ದು ಬಂದು, ಹಲಗಿಗೆ ಬೆರಳ ಹಚ್ಚಿ ಹಣಿಗೆ ಇಟಗೊಂಡ್ರು. "ಅವ್ವನ ಭಂಡಾರ ವರಸಬ್ಯಾಡ್ರಿ. ಶುರು ಮಾಡ್ರಿ." ಹಲಗಿ ಹೊಳ್ಳಿಸಿ ಇಡಬೇಕಂದ್ರ ಭಂಡಾರ ನೆಲಕ್ಕ ಮುಖ ಮಾಡತೈತಿ, ಅದೂ ನಡಿಯೂದಿಲ್ಲ. ಆಕಿಗೆ ಅಳುನ ಬಂದಂಗಾತು.

ಗಾಡಿ ಬಿಟ್ಟಳು. ಹಳದಿ ಹಲಗಿ ಮ್ಯಾಲ ಅರ್ಧಕ್ಕ ಬಂದು ಗಾಲಿ ಅಂಟಿ ನಿಂತಬಿಡ್ತು. ಗೋಣಿ ಮ್ಯಾಲಿಂದ ಬಿಟ್ಟದ್ದು ತಡವರಿಸಿದ್ರೂ ನೆಲಕ್ಕ ಇಳದು ಒಂದ ಮಾರು ಮುಂದ ಹೋತು.

"ಹೇಳ್ರಿ ಮಕ್ಕಳ್ರಾ, ಯಾವುದರ ಮ್ಯಾಲ ಗಾಡಿ ದೂರ ಹೋತು?" ಅಂತ ಸಾಹೇಬ್ರು ಕೇಳಿದ್ರು.

"ನುಣುಪಾದ ಮೇಲ್ಮೈಯಲ್ಲಿ ಘರ್ಷಣೆ ಕಡಿಮೆ, ಆದ್ದರಿಂದ ವಸ್ತು ಹೆಚ್ಚು ದೂರ ಚಲಿಸುತ್ತದೆ," ಅಂತ ಇಡೀ ಕ್ಲಾಸು ಒಂದ ದನಿಲೆ ಒದರಿತು.

ಫರೀನ್ ಒಬ್ಬಾಕಿ ಎದ್ದು ನಿಂತಳು. "ಇಲ್ರಿ ಸರ್, ಗೋಣಿ ಮ್ಯಾಲ ದೂರ ಹೋತ್ರಿ. ಹಳದಿ ಹಲಗಿ ಮ್ಯಾಲ ಅರ್ಧಕ್ಕ ಅಂಟಕೊಂಡ ನಿಂತಿತ್ರಿ."

"ತಪ್ಪು. ಕುಂದರು. ಓದಿಕೊಂಡ ಬಾ," ಅಂದ್ರು ಸಾಹೇಬ್ರು. ಹುಡುಗೂರು ಕಿಸಕ್ಕನ ನಕ್ಕವು. ಫರೀನ್ ಟೀಚರ್ ಮುಖ ನೋಡಿದಳು.

ಆಕಿ ಹೇಳಿದ್ದ ಖರೆ ಐತ್ರಿ ಅನ್ನೋ ಮಾತು ಟೀಚರ ನಾಲಿಗಿ ತುದಿಗೆ ಬಂದಿತ್ತು. ಹಂಗ ಅಂದಬಿಟ್ರ ಪಾಠ ಕೆಟ್ಟಂಗಾತು, ಪೀರಿಯಡ್ ಹೋತು. ಪೀರಿಯಡ್ ಉಳಿದ್ರ ನಾಳೆ ತಿಳಿಸಿ ಹೇಳಿದ್ರಾತು ಅಂತ ನುಂಗಿಕೊಂಡಳು. ಫರೀನ್ ಕುಂತಳು. ಸಾಹೇಬ್ರು "ಭಾಳ ಛಲೋ ಪಾಠ" ಅಂದು ಚಹಾ ಕುಡದು ಹೋದ್ರು.

ಬಸಲಿಂಗಪ್ಪ ಮಾಸ್ತರ ಮೀಸಿ ತಿರುವಿದ್ರು. "ನಿನ್ನೆ ಸಂಜಿಕ ನಾನ ಬಾಯಿಪಾಠ ಮಾಡಿಸಿದ್ನೆರಿ. ಇಲ್ಲಾಂದ್ರ ನಿಮ್ಮ ಮಾನ ಹರಾಜ ಆಗತಿತ್ತು. ಇರ್ಲಿ, ಪೀರಿಯಡ್ ನಿಮ್ಮದ." ಆಕಿಗೆ ಗ್ವಾಡಿಗೆ ತಲಿ ಹೊಡಕೋಬೇಕು ಅನಿಸ್ತು.

ಮರುದಿನ ಟೀಚರ್ ಕ್ಲಾಸಿಗೆ ಬಂದಾಕಿನ ಎರಡೂ ಹಲಗಿ ಮುಂದ ಎಳದಳು. ಭಂಡಾರ ವರಸೋ ಧೈರ್ಯ ಯಾರಿಗೂ ಆಗಿರಲಿಲ್ಲ. ಯಾರೂ ಒದರಬಾರದು ಅಂತ ತಾಕೀತು ಮಾಡಿ, ಮತ್ತ ಗಾಡಿ ಬಿಟ್ಟಳು. ಹಳದಿ ರಾಡಿಯೊಳಗ ಅದು ಮತ್ತ ನಿಂತಿತು. ಗೋಣಿ ಮ್ಯಾಲಿಂದ ನೆಲಕ್ಕ ಇಳೀತು.

"ಫರೀನ್, ನೀ ಹೇಳವ್ವಾ. ಯಾವುದರ ಮ್ಯಾಲ ದೂರ ಹೋತು?"

ಫರೀನ್ ಎದ್ದಳು. ಕೈ ಕಟಗೊಂಡಳು. ಹಲಗಿ ಕಡೆ ನೋಡಲೇ ಇಲ್ಲ.

"ನುಣುಪಾದ ಮೇಲ್ಮೈಯಲ್ಲಿ ಘರ್ಷಣೆ ಕಡಿಮೆ, ಆದ್ದರಿಂದ ವಸ್ತು ಹೆಚ್ಚು ದೂರ ಚಲಿಸುತ್ತದೆ." ಎಲ್ಲಿಯೂ ತಪ್ಪದಂಗ ಹೇಳಿ ಮುಗಿಸಿ, ಅಂಜಿಕೋತ ಕೇಳಿದಳು: "ಈಗ ಬರೋಬ್ಬರಿ ಐತೇನ್ರಿ ಟೀಚರ್?"