ಜಪದ ತರಗತಿ

“ಕಣ್ಣ ಮುಚ್ಚಿಕೋರಿ. ಭುಜ ಸಡ್ಲ ಬಿಡ್ರಿ. ಪರೀಕ್ಷಾ ಎಲ್ಲೂ ಓಡಿ ಹೋಗೂದಿಲ್ಲ,” ಎಂದರು ಸುಲಭಾ ಮ್ಯಾಡಮ್.

ಮಕ್ಕಳು ಸಣ್ಣಗೆ ನಕ್ಕರು. ಮ್ಯಾಡಮ್ಮರು ಓಂಕಾರ ಎತ್ತಿದರು, ಜಮಖಾನೆಯ ಮೇಲೆ ಕೂತವರೆಲ್ಲ ದನಿಗೂಡಿಸಿದರು. ಕರುಣಾ ಮಾತ್ರ ಕಣ್ಣು ಮುಚ್ಚದೆ ಅವರ ಮುಖವನ್ನೇ ನೋಡುತ್ತಿದ್ದಳು. ಅದೇ ಮೊಂಡ ಮೂಗು, ಮಾತಾಡುವಾಗ ತುಸು ಮೇಲೇರುವ ಅದೇ ಎಡ ಹುಬ್ಬು. ಕೇದಾರ ತಾಯಿಯದೇ ಅಚ್ಚು.

ಧಾರವಾಡದ ಆ ಕಾಲೇಜಿನಲ್ಲಿ ಸುಲಭಾ ಮನಃಶಾಸ್ತ್ರ ಕಲಿಸುತ್ತಿದ್ದರು. ಪರೀಕ್ಷೆ ಹತ್ತಿರವಾದಂತೆ ನಿದ್ದೆಗೆಟ್ಟು ಒದ್ದಾಡುವ ಮಕ್ಕಳಿಗಾಗಿ ಈ ಜಪದ ತರಗತಿ ಶುರು ಮಾಡಿದ್ದರು. ಕರುಣಾ ರಸಾಯನಶಾಸ್ತ್ರದವಳು, ಅವರ ಪಾಠಕ್ಕೆ ಎಂದೂ ಕೂತವಳಲ್ಲ. ಇವತ್ತು ಬಂದದ್ದೂ ಜಪಕ್ಕಲ್ಲ. ತನ್ನನ್ನು ಬೇಡವೆಂದ ಹೆಂಗಸು ಹೇಗಿರುತ್ತಾಳೆ ಎಂದು ಒಮ್ಮೆ ನೋಡಬೇಕಿತ್ತು. ಎರಡು ವರ್ಷ ಜೊತೆಯಾಗಿ ತಿರುಗಾಡಿದ ಕೇದಾರ ಹೋದ ತಿಂಗಳು ಫೋನ್ ಮಾಡಿ, “ಮನ್ಯಾಗ ಒಪ್ಪವಲ್ರು ಕರುಣಾ. ನೀವು ಬೌದ್ಧರು ಅಂದಕೂಡ್ಲೆ ಅಮ್ಮ ಊಟಾನ ಬಿಟ್ಟಾಳ. ಏನ್ ಮಾಡ್ಲಿ ಹೇಳು,” ಎಂದಿದ್ದ. ಏನು ಮಾಡಬೇಕೆಂದು ಅವಳು ಹೇಳುವ ಮೊದಲೇ ಅತ್ತು, ಇನ್ನು ಸಾಕೆಂದು ಫೋನಿಟ್ಟಿದ್ದ.

ಕೆಟ್ಟ ಹೆಂಗಸನ್ನು ನೋಡಲು ಬಂದವಳಿಗೆ ಇಲ್ಲಿ ಅಂಥ ಯಾರೂ ಸಿಗಲಿಲ್ಲ. ಕೆಮ್ಮುತ್ತಿದ್ದ ಹುಡುಗಿಗೆ ಸುಲಭಾ ತಮ್ಮ ಥರ್ಮಾಸಿನ ಬಿಸಿನೀರು ಕೊಟ್ಟರು. ಹಿಂದೆ ಕೂತಿದ್ದ ವಿಶಾಲ, “ನನಗ ದೇವರು ಗೀವರು ಆಗಿಬರೂದಿಲ್ರಿ,” ಎಂದಾಗಲೂ ಅವರು ಮುಖ ಸಿಂಡರಿಸಲಿಲ್ಲ.

“ದೇವರ ಸಲುವಾಗಿ ಅಲ್ಲಪಾ, ಉಸಿರಿನ ಸಲುವಾಗಿ. ನಿಮ್ಮ ನಿಮ್ಮ ಮನ್ಯಾಗ ಕೇಳಿದ್ದು ಏನರ ಇದ್ರ ಅದನ್ನ ಅನ್ರಿ. ಮನಸ್ಸಿಗೆ ರೂಢಿ ಇದ್ದದ್ದ ಬೇಕು.”

ಕರುಣಾಳ ಬಾಯಿಂದ ‘ಬುದ್ಧಂ ಸರಣಂ ಗಚ್ಛಾಮಿ’ ಎಂಬ ತ್ರಿಸರಣ ತಾನಾಗಿಯೇ ಹೊರಟಿತು. ಉಣಕಲ್ಲಿನ ಮನೆಯಲ್ಲಿ ಅಜ್ಜಿ ಸಾವಂತ್ರೆವ್ವ ಬೆಳಗ್ಗೆ ಬುದ್ಧನ ಮೂರ್ತಿಯ ಮುಂದೆ ಮೋಂಬತ್ತಿ ಹಚ್ಚಿ ಹೇಳುವುದನ್ನು ಅವಳು ತೊಟ್ಟಿಲಿನಿಂದಲೇ ಕೇಳಿದವಳು. ಅಕ್ಕಪಕ್ಕದವರ ದನಿ ತಗ್ಗುತ್ತ ಹೋಯಿತು. ಎಲ್ಲರೂ ಅವಳನ್ನು ಕೇಳುತ್ತಿದ್ದರು. ಅದು ಗೊತ್ತಾದ ಗಳಿಗೆಯಲ್ಲಿ ಅವಳು ನಡುವೆಯೇ ನಿಲ್ಲಿಸಿಬಿಟ್ಟಳು.

ತರಗತಿ ಮುಗಿದಾಗ ಸುಲಭಾ, “ನೀ ಒಂದೀಟು ನಿಲ್ಲು,” ಎಂದರು. ಉಳಿದವರು ಚಪ್ಪಲಿ ಹುಡುಕಿಕೊಂಡು ಹೋದರು.

“ಎಷ್ಟ ಛಲೋ ದನಿಯವಾ ನಿಂದು. ಯಾರ ಹತ್ರ ಕಲ್ತಿ?”

“ಕಲ್ತಿಲ್ರಿ. ನಮ್ಮಜ್ಜಿ ದಿನಾ ಹೇಳ್ತಾಳ. ಮನ್ಯಾಗ ರೂಢಿ ಅದ.”

‘ಅದ’ ಎಂದದ್ದು ಅವಳ ಕಿವಿಗೇ ಚುಚ್ಚಿತು. ಅವಳ ಮನೆಯವರೆಲ್ಲ ‘ಐತಿ’ ಎನ್ನುವವರು. ಈ ‘ಅದ’ ಕೇದಾರನಿಂದ ಅಂಟಿಕೊಂಡದ್ದು. ಅವನು ಹೋದರೂ ಅದು ನಾಲಿಗೆ ಬಿಟ್ಟಿರಲಿಲ್ಲ.

“ನಡುವ ಯಾಕ ನಿಂತಿ?” ಸುಲಭಾ ಅವಳ ಹೆಗಲ ಮೇಲೆ ಕೈಯಿಟ್ಟರು. “ಇದು ಪರೀಕ್ಷಾದ ಚಿಂತಿ ಅಲ್ಲ. ಹೇಳಬೇಕು ಅನಿಸಿದ್ರ ಹೇಳು.”

ಹೇಳಬಾರದೆಂದೇ ಬಂದಿದ್ದಳು. ಮ್ಯಾಡಮ್ಮರ ಕೈ ಬೆಚ್ಚಗಿತ್ತು.

“ಒಬ್ಬ ಹುಡುಗ ಇದ್ದನ್ರಿ. ಅವರ ಮನ್ಯಾಗ ಬ್ಯಾಡ ಅಂದ್ರು.”

“ಅವನ ತಾಯಿ ನಿನ್ನ ನೋಡ್ಯಾರೇನು?”

“ಇಲ್ರಿ.”

“ನೋಡದ ಹೆಂಗ ಬ್ಯಾಡ ಅಂತಾರ? ಒಮ್ಮೆ ಮಾತಾಡಿಸಿದ್ರ...”

“ಹೆಸರೂ ಕೇಳಿಲ್ಲಂತ್ರಿ. ಯಾವ ಮಂದಿ ಅಂತಷ್ಟ ಕೇಳಿದ್ರಂತ. ಅವತ್ತ ಅವನ ಹುಟ್ಟಿದಹಬ್ಬ. ಅವನ ತಾಟಿಗೆ ಹೋಳಿಗಿ ಬಡಸಾಕತ್ತಿದ್ರಂತ. ಅದನ್ನ ಕೇಳಿ ಡಬ್ಬಿ ಅಲ್ಲೇ ಬಿಟ್ಟು ದೇವರಮನಿಗೆ ಹೋಗಿ ಬಾಗಲಾ ಹಾಕ್ಕೊಂಡ್ರಂತ.”

ಹೆಗಲ ಮೇಲಿನ ಕೈ ಅಲ್ಲಾಡಲಿಲ್ಲ. ಆದರೆ ಅದರ ಭಾರ ಬೇರೆಯಾಯಿತು. ಸುಲಭಾ, “ನಿನ್ನ ಹೆಸರೇನವಾ?” ಎಂದರು.

“ಕರುಣಾ.”

ಅವರು ತಿರುಗಿ, ಬಾಗಿ, ಜಮಖಾನೆ ಮಡಚತೊಡಗಿದರು. ಒಬ್ಬರಿಗೆ ಎತ್ತಲಾಗದಷ್ಟು ದೊಡ್ಡದು. ಕರುಣಾ ಇನ್ನೊಂದು ತುದಿ ಹಿಡಿದಳು. ಮಡಿಕೆ ಮಡಿಕೆಗೂ ಇಬ್ಬರೂ ಹತ್ತಿರ ಬಂದರು. ಕೊನೆಯ ಮಡಿಕೆಯಲ್ಲಿ ಬೆರಳಿಗೆ ಬೆರಳು ತಾಗಿದಾಗ ಸುಲಭಾರ ಕಣ್ಣು ತುಂಬಿದ್ದನ್ನು ಅವಳು ಕಂಡಳು. “ಬರ್ತೇನ್ರಿ ಮ್ಯಾಡಮ್,” ಎಂದು ಹೊರಟುಬಂದಳು.

ಸಂಜೆ ಕೇದಾರನ ಫೋನ್ ಬಂತು. ಹಿತ್ತಿಲ ಮೆಟ್ಟಿಲಿಗೆ ಹೋಗಿ ಎತ್ತಿದಳು.

“ಕರುಣಾ, ಅಮ್ಮ ಹೂಂ ಅಂದಾಳ. ಕಾಲೇಜಿಂದ ಬಂದಾಕಿನ ಅಳಾಕತ್ತಿದ್ಲು. ನಾಳೆ ನಿಮ್ಮ ಮನಿಗೆ ಬರ್ತೇನಿ ಅಂತಾಳ.”

ತಿಂಗಳಿಡೀ ಈ ದನಿಗಾಗಿ, ಈ ಮಾತಿಗಾಗಿ ಅವಳು ಫೋನನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದ್ದಳು.

“ಇಷ್ಟ ದಿನ ನೀ ಅವರಿಗೆ ಏನಂದಿ?”

“ಏನ್ ಅನ್ಲಿ? ಆಕಿ ಊಟ ಬಿಟ್ಟಿದ್ಲಲ್ಲ.”

“ನಾನೂ ಬಿಟ್ಟಿದ್ನಿ, ಕೇದಾರ.”

ಅವಳು ಮೆಟ್ಟಿಲ ಮೇಲೆ ಕೂತಳು.

“ಅವರು ಬ್ಯಾಡ ಅಂದಾಗ ಫೋನ್ ಮಾಡಿ ಬ್ಯಾಡ ಅಂದಿ. ಇವತ್ತ ಹೂಂ ಅಂದ್ರು, ಹೂಂ ಅನ್ನಾಕತ್ತಿ. ನಾಳೆ ಅವರಿಗೆ ಮತ್ತೊಂದು ಅನಿಸಿದ್ರ?”

ಅವಳು ಕಾದಳು. ಈಗ ಬರ್ತೇನಿ, ಅಮ್ಮ ಬಂದರೂ ಸೈ ಬಿಟ್ಟರೂ ಸೈ ಎಂದು ಅವನು ಅಂದುಬಿಟ್ಟರೆ ಸಾಕಿತ್ತು. ಬರಿಗಾಲಲ್ಲಿ ರಸ್ತೆಯವರೆಗೆ ಓಡಿಹೋಗುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡ.

“ಹಂಗಾದ್ರ ಅಮ್ಮಗ ಏನ್ ಹೇಳ್ಲಿ?”

“ಬರೂದು ಬ್ಯಾಡ ಅನ್ನು,” ಎಂದಳು ಕರುಣಾ. “ಅವರ ಮ್ಯಾಲ ನನಗ ಸಿಟ್ಟಿಲ್ಲ ಅಂತನೂ ಹೇಳು.”

ಒಳಗೆ ಸಾವಂತ್ರೆವ್ವ ಪಡಸಾಲೆಯಲ್ಲಿ ಕಾಲು ಚಾಚಿ ಬಳ್ಳೊಳ್ಳಿ ಸುಲಿಯುತ್ತಿದ್ದಳು.

“ಯಾರದವಾ ಫೋನು?”

“ಕಾಲೇಜಿಂದು.”

“ಪರೀಕ್ಷಾ ಛಲೋ ಆಕ್ಕಾವ ತಗೋ. ಅಂಜಬ್ಯಾಡ.”

ಕರುಣಾ ಅಜ್ಜಿಯ ಮಗ್ಗುಲಲ್ಲಿ ಕೂತು ಮೊರದೊಳಗಿನ ಬಳ್ಳೊಳ್ಳಿಗೆ ಕೈಹಾಕಿದಳು. ಫ್ಯಾನಿನ ಗಾಳಿಗೆ ಸಿಪ್ಪೆ ಹಾರಿ ಮನೆ ತುಂಬ ಹರಡುತ್ತಿತ್ತು. ಒಂದು ಸಿಪ್ಪೆ ಹೋಗಿ ಅಜ್ಜಿಯ ಬಿಳಿಗೂದಲಿನಲ್ಲಿ ಸಿಕ್ಕಿಕೊಂಡಿತು. ಅದನ್ನು ತೆಗೆಯಲು ಚಾಚಿದ ಕೈ, ಸಿಪ್ಪೆ ತೆಗೆದ ಮೇಲೂ ಅಲ್ಲೇ, ಅಜ್ಜಿಯ ತಲೆಯ ಮೇಲೆ, ಉಳಿಯಿತು.